ಕೈಗಳಿಗೆ ಎಟುಕದ ಬಾಗಿಲು

ಎಲ್ಸ್‌ಬರಿ, ವರ್ಮಾಂಟ್
1938, ಏಪ್ರಿಲ್ ಕೊನೆಯ ವಾರ

ಆರಿನ್ ಅಣ್ಣಾ,

ನೀನು ಸತ್ತು ಎರಡು ತಿಂಗಳಾದರೂ ಇನ್ನೂ ಮಣ್ಣಿಗೆ ಸೇರಿಲ್ಲ. ಫೆಬ್ರವರಿಯಲ್ಲಿ ಸತ್ತವರಿಗೆ ನಮ್ಮೂರ ನೆಲ ಜಾಗ ಕೊಡುವುದಿಲ್ಲವೆಂದು ನಿನಗೂ ಗೊತ್ತು. ಗುದ್ದಲಿ ಹಾಕಿದರೆ ಬಂಡೆಗೆ ಹಾಕಿದ ಹಾಗೆ ಸದ್ದು ಬರುತ್ತದೆ. ಅದಕ್ಕೇ ನಿನ್ನನ್ನು ಸ್ಮಶಾನದ ದಿಬ್ಬದೊಳಗಿನ ಕಲ್ಲಿನ ಕೋಣೆಯಲ್ಲಿ, ಈ ಚಳಿಗಾಲದಲ್ಲಿ ಹೋದ ಬೇರೆಯವರ ಪಕ್ಕ, ಹಲಗೆಯ ಮೇಲೆ ಮಲಗಿಸಿ ಕಬ್ಬಿಣದ ಬಾಗಿಲು ಹಾಕಿದ್ದಾರೆ. ಚರ್ಚಿಗೆ ಹೋಗುವಾಗ ನಾನು ಆ ಬಾಗಿಲ ಮುಂದೆಯೇ ಹಾದುಹೋಗಬೇಕು. ಅಲ್ಲಿಗೆ ಬಂದಾಗ ನನ್ನ ಹೆಜ್ಜೆ ತಾನಾಗಿಯೇ ಮೆಲ್ಲಗಾಗುತ್ತದೆ. ಒಳಗೆ ನೀನು ಮಲಗಿಲ್ಲ, ಎದ್ದು ಕುಳಿತು ಕಿವಿಗೊಟ್ಟಿದ್ದೀಯ ಎನಿಸುತ್ತದೆ. ಒಂದು ದಿನ ತಡೆಯಲಾರದೆ ಬಾಗಿಲಿಗೆ ಅಂಗೈ ಇಟ್ಟೆ. ಚಳಿಗೆ ಚರ್ಮ ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ, ನೀನು ಬಿಡುತ್ತಿಲ್ಲವೇನೋ ಎಂದು ಹೆದರಿಬಿಟ್ಟೆ.

ನೆಲ ಮೆತ್ತಗಾಗಿದೆ, ನಾಳೆ ಅಗೆಯುತ್ತೇವೆ ಎಂದು ಇವತ್ತು ಬೆಳಿಗ್ಗೆ ಹೇಳಿಕಳಿಸಿದರು. ಅಂದರೆ ನೀನು ಭೂಮಿಯ ಮೇಲಿರುವುದು ಇವತ್ತೊಂದೇ ದಿನ. ನೀನು ಕೊನೆಯದಾಗಿ ಆಡಿದ ಮಾತಿಗೆ ನಾನು ಉತ್ತರ ಕೊಡದೆ ಎದ್ದು ಬಂದಿದ್ದೆ. ಅದನ್ನು ಈಗ ಬರೆಯುತ್ತೇನೆ. ಇದು ಕ್ಷಮೆ ಕೇಳುವ ಕಾಗದವಲ್ಲ. ಇಪ್ಪತ್ತೆರಡು ವರ್ಷ ನಿನ್ನ ಜೊತೆ ಮಾತು ಬಿಟ್ಟಿದ್ದಕ್ಕೆ ನಾನು ನಾಚಿಕೊಂಡಿಲ್ಲ. ಮಗನನ್ನು ಕಳೆದುಕೊಂಡವಳಿಗೆ ಸಿಟ್ಟು ಒಂದು ಆಸರೆ, ಅಣ್ಣಾ. ಅದನ್ನು ಹಿಡಿದುಕೊಂಡೇ ನಾನು ಎದ್ದು ಓಡಾಡಿದೆ, ಹಸು ಕರೆದೆ, ರೊಟ್ಟಿ ಸುಟ್ಟೆ.

ಊರೆಲ್ಲಾ ಒಂದಾದಾಗ ಒಬ್ಬನ ಪರ ನಿಲ್ಲುವ ಈ ಹುಚ್ಚು ನಿನಗೆ ಯಾವಾಗ ಹಿಡಿಯಿತು ಎಂದು ಯೋಚಿಸುತ್ತಿದ್ದೆ. ನೀನು ಹದಿನಾಲ್ಕರ ಹುಡುಗನಾಗಿದ್ದಾಗಲೇ ಇರಬೇಕು. ಮಾರ್ಚ್ ತಿಂಗಳ ಊರ ಸಭೆ ಮುಗಿಸಿ ಬಂದ ಅಪ್ಪ ಒಲೆಯ ಮುಂದೆ ಕಾಲು ಚಾಚಿ, "ನಮ್ಮಲ್ಲಿ ರಾಜ ಇಲ್ಲ ಕಣ್ರೋ. ಕೈ ಎತ್ತಿದೋನೇ ರಾಜ" ಎಂದು ಬೀಗುತ್ತಿದ್ದ. ಆ ಸಲ ನೀನು ತಟ್ಟೆಯಿಂದ ತಲೆ ಎತ್ತದೆ, "ಹಾಗಾದ್ರೆ ಇನ್ನೂರು ಜನ ರಾಜರು ಸೇರಿ ಒಬ್ಬನ ಮೇಲೆ ಬಿದ್ರೆ ಅವನು ಯಾರ ಹತ್ರ ಹೋಗ್ಬೇಕಪ್ಪಾ?" ಎಂದು ಕೇಳಿದ್ದೆ. ಅಪ್ಪ ನಕ್ಕು, "ಅವನೂ ಒಂದು ಕೈ ಎತ್ಲಿ" ಎಂದ. ಅಮ್ಮ ನಗಲಿಲ್ಲ. ಹೆಂಗಸಾದ ಅವಳಿಗೆ ಸಭೆಯಲ್ಲಿ ಎತ್ತುವುದಕ್ಕೆ ಕೈ ಇರಲಿಲ್ಲವಲ್ಲ. ಸಭೆಯ ದಿನ ಅವಳ ಕೆಲಸ ಊಟಕ್ಕೆ ಹುರುಳಿ ಬೇಯಿಸುವುದು ಮಾತ್ರ.

ದೊಡ್ಡವನಾದ ಮೇಲೆ ನೀನು ಗಾಲಿ ಮಾಡುವ ಕೆಲಸ ಹಿಡಿದೆ, ಮದುವೆ ಬೇಡವೆಂದೆ. ಪ್ರತಿ ಮಾರ್ಚಿನಲ್ಲೂ ಊರು ನಿನ್ನನ್ನೇ ಸಭೆಯ ಅಧ್ಯಕ್ಷನನ್ನಾಗಿ ಆರಿಸುತ್ತಿತ್ತು. ನೀನು ಜಗಳ ಬಿಡಿಸುತ್ತಿದ್ದ ರೀತಿ ಎಲ್ಲರಿಗೂ ಇಷ್ಟ. ಮರದ ಸುತ್ತಿಗೆಯನ್ನು ಮೇಜಿಗೆ ಕುಟ್ಟುತ್ತಿರಲಿಲ್ಲ, ಸುಮ್ಮನೆ ಎತ್ತಿ ಹಿಡಿಯುತ್ತಿದ್ದೆ. ಅಷ್ಟಕ್ಕೇ ಗದ್ದಲ ನಿಲ್ಲುತ್ತಿತ್ತು. ಅದನ್ನು ಹೆಂಗಸರು ಕೂರುವ ಅಟ್ಟಣೆಯ ಮೇಲಿಂದ ನೋಡಿ ನನಗೆ ಹೆಮ್ಮೆಯಾಗುತ್ತಿತ್ತು ಎಂದು ನಿನಗೆ ಯಾವತ್ತೂ ಹೇಳಲಿಲ್ಲ.

ಆಮೇಲೆ ಆ ಆಗಸ್ಟ್ ಬಂತು. ನ್ಯೂಯಾರ್ಕಿನಲ್ಲಿ ಮಕ್ಕಳು ಸಾಯುತ್ತಿದ್ದ ಬೇಸಿಗೆ. ಈಗ ಪೋಲಿಯೋ ಎನ್ನುತ್ತಾರೆ, ಆಗ ನಾವು ಮಕ್ಕಳ ಲಕ್ವ ಎನ್ನುತ್ತಿದ್ದೆವು. ಹೆಸರೆತ್ತುವಾಗ ದನಿ ತಗ್ಗಿಸುತ್ತಿದ್ದೆವು, ಜೋರಾಗಿ ಹೇಳಿದರೆ ಅದಕ್ಕೆ ಕೇಳಿಸಿಬಿಡುತ್ತದೆ ಎಂಬಂತೆ. ಕಲ್ಲುಗಣಿಯ ಪಕ್ಕದ ಬಾಡಿಗೆ ಮನೆಗೆ ಜೂನ್ ತಿಂಗಳಲ್ಲಿ ಬಂದಿದ್ದ ಇಟಲಿಯವರ ಮನೆಯಲ್ಲಿ ಒಂದು ಹುಡುಗಿ ಆ ಲಕ್ವ ತಗುಲಿ ಮಲಗಿತು. ನೆಲ್ದಾ ಅಂತ. ತಂದೆ ಒರೆಸ್ತೆ ಬೆಲ್ಟ್ರಾಮಿ ಕಲ್ಲು ಕೆತ್ತುವವನು, ತಾಯಿ ಎರ್ಸಿಲಿಯಾ. ಅವರಿಗೆ ನಮ್ಮ ಮಾತು ಸರಿಯಾಗಿ ಬರುತ್ತಿರಲಿಲ್ಲ. ನಮಗೆ ಅವರ ಮಾತು ಬೇಕಿರಲಿಲ್ಲ.

ಸೇತುವೆ ರಿಪೇರಿಗೆಂದು ಕರೆದಿದ್ದ ಸಭೆ ಅದು. ಸೇತುವೆಯ ವಿಷಯ ಬೇಗ ಮುಗಿಯಿತು. ಯಾರೂ ಏಳಲಿಲ್ಲ. ಮೇಲೆ ಅಟ್ಟಣೆಯಲ್ಲಿ ನಾವು ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆವು. ನನ್ನ ಒಂದು ಪಕ್ಕ ಏಳು ವರ್ಷದ ಮಗ ಮೆರಿಲ್ ಕಂಬಿಗೆ ಗಲ್ಲ ಊರಿ ನಿನ್ನನ್ನೇ ನೋಡುತ್ತಿದ್ದ. ಮಡಿಲಲ್ಲಿ ಪುಟ್ಟ ಮಗಳು ಐವಾ. ಆಗ ಹಾಲಿಸ್ ಟಾರ್‌ಬಾಕ್ಸ್ ಎದ್ದು ನಿಂತ. ಅವನು ಕೆಟ್ಟವನಲ್ಲ, ಅಣ್ಣಾ. ದನದ ಮೇವಿನ ಅಂಗಡಿ ಇಟ್ಟುಕೊಂಡು ಎಲ್ಲರಿಗೂ ಸಾಲ ಕೊಡುತ್ತಿದ್ದವನು.

"ನನಗೆ ಐದು ಮಕ್ಕಳು. ಆ ಕಲ್ಲು ಕುಟ್ಟೋರ ಮನೇಲಿ ಒಂದು ಮಗು ಮಲಗಿದೆ. ಪಾಪ, ಇಲ್ಲ ಅನ್ನಲ್ಲ. ಆದ್ರೆ ಪಾಪ ಅಂತ ನನ್ನ ಮಕ್ಕಳನ್ನ ಕೊಡೋಕಾಗುತ್ತಾ? ಇವತ್ತೇ ಗಾಡಿ ಕಟ್ಟಿ ಅವರನ್ನ ಊರಿನ ಗಡಿ ದಾಟಿಸಿ ಬರೋಣ. ಆ ಮನೆಗೆ ಬೆಂಕಿ ಹಾಕೋಣ. ಇದು ನನ್ನ ಸೂಚನೆ."

"ನನ್ನ ಅನುಮೋದನೆ ಇದೆ" ಎಂದು ಕೂಗಿದವನು ನನ್ನ ಗಂಡ ಡೇನಾ.

ನೀನು ಸುತ್ತಿಗೆಯನ್ನು ಎತ್ತಲಿಲ್ಲ. "ಈ ಸೂಚನೇನ ನಾನು ಮತಕ್ಕೆ ಹಾಕಲ್ಲ" ಎಂದೆ.

"ಯಾಕೆ, ಸಭೆ ಕರೆದ ನೋಟಿಸಿನಲ್ಲಿ ಇದನ್ನ ಬರೆದಿಲ್ಲ ಅಂತಾನಾ?" ಎಂದ ಹಾಲಿಸ್.

ನೀನು ಹೌದು ಎಂದಿದ್ದರೆ ಸಾಕಿತ್ತು. ನಿಯಮದ ಸಂದಿಯಲ್ಲಿ ನುಸುಳಿ ಮನೆಗೆ ಬರಬಹುದಿತ್ತು. ನಿನ್ನ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ನೀನು, "ಬರೆದಿದ್ರೂ ಹಾಕ್ತಿರಲಿಲ್ಲ" ಎಂದೆ.

ಹಾಲಿಸ್‌ನ ಮುಖ ಕೆಂಪಾಯಿತು. "ಇದು ಪ್ರಜಾಪ್ರಭುತ್ವ ಕಣಯ್ಯಾ. ನೀನೇನು ದೊರೆಯಾ? ನಮ್ಮ ಕೈ ಎಣಿಸೋಕೆ ನಾವೇ ಕೂರಿಸಿದೋನು ನೀನು."

"ಹೌದು ಹಾಲಿಸ್, ಎಣಿಸೋಕೇ ಕೂತಿರೋದು. ಸೇತುವೆ ಕೇಳು, ಎಣಿಸ್ತೀನಿ. ಶಾಲೆ ಮುಚ್ಚಬೇಕು ಅನ್ನು, ಹೊಟ್ಟೆ ಉರಿದ್ರೂ ಎಣಿಸ್ತೀನಿ. ನನ್ನನ್ನೇ ಈ ಕುರ್ಚಿಯಿಂದ ಇಳಿಸು, ಅದನ್ನೂ ನಾನೇ ಎಣಿಸಿ ಇಳೀತೀನಿ. ಆದ್ರೆ ನಾವು ಬರೀ ಪ್ರಜಾಪ್ರಭುತ್ವ ಅಲ್ಲ. ಗಣರಾಜ್ಯ. ನಾವು ಹುಟ್ಟೋಕೆ ಮುಂಚೇನೇ ಹಿರಿಯರು ಕೂತು ಕೆಲವನ್ನ ಎಲ್ಲರ ಕೈಗೂ ಎಟುಕದ ಹಾಗೆ ಮೇಲೆ ಎತ್ತಿಟ್ಟಿದ್ದಾರೆ. ಒಬ್ಬನ ಮನೆ ಬಾಗಿಲು ಅಲ್ಲಿದೆ. ಒಬ್ಬನ ಮಗು ಅಲ್ಲಿದೆ. ಇಲ್ಲಿರೋ ಎಲ್ಲಾ ಕೈ ಮೇಲೆದ್ರೂ, ಬೆಲ್ಟ್ರಾಮಿ ಒಬ್ಬನೇ ಬೇಡ ಅಂದ್ರೂ, ಆಗಲ್ಲ ಅಂದ್ರೆ ಆಗಲ್ಲ."

"ಬೆಲ್ಟ್ರಾಮಿಗೆ ಇಲ್ಲಿ ಮತಾನೇ ಇಲ್ವಲ್ಲೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು.

"ಅದಕ್ಕೇ ಹೇಳ್ತಿರೋದು" ಎಂದೆ ನೀನು.

ಆ ಮಾತಿಗೆ ಅಟ್ಟಣೆಯಲ್ಲಿ ನಮ್ಮ ಕೆಲವರ ತಲೆ ಮೇಲೆದ್ದಿತು. ನಮಗೂ ಮತವಿರಲಿಲ್ಲ. ಆದರೂ ಕೇಳು, ನಿನ್ನಿಂದ ಮುಚ್ಚಿಡುವುದು ಏನಿದೆ, ಆ ಹೊತ್ತಿನಲ್ಲಿ ಕೇಳಿದ್ದರೆ ಅಲ್ಲಿದ್ದ ಒಬ್ಬೊಬ್ಬ ತಾಯಿಯೂ ಹಾಲಿಸ್‌ನ ಕಡೆಗೇ ಕೈ ಎತ್ತುತ್ತಿದ್ದಳು. ನಮ್ಮ ಮಕ್ಕಳ ಬೆವರಿದ ತಲೆಗಳು ನಮ್ಮ ಎದೆಗೆ ಒತ್ತಿಕೊಂಡಿದ್ದವು. ಹಿರಿಯರು ಮೇಲೆ ಎತ್ತಿಟ್ಟದ್ದು ನಮಗೆ ಕಾಣುತ್ತಿರಲಿಲ್ಲ.

ನೀನು ಸುತ್ತಿಗೆಯನ್ನು ಮೇಜಿನ ಮೇಲೆ ಮಲಗಿಸಿ, ಟೋಪಿ ತೆಗೆದುಕೊಂಡು, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದೆ. ಅವರು ಹಾಲಿಸ್‌ನನ್ನು ನಿನ್ನ ಕುರ್ಚಿಗೆ ಕೂರಿಸಿದರು. ಅವನು "ಒಪ್ಪೋರು ಕೈ ಎತ್ತಿ" ಎಂದ. ಕೇಳಿಸಿದ್ದು ಗಂಜಿ ಹಾಕಿದ ಅಂಗಿಗಳ ತೋಳುಗಳು ಒಟ್ಟಿಗೆ ಮೇಲೇಳುವ ಸದ್ದು ಮಾತ್ರ. ಒಣಗಿದ ಜೋಳದ ಗರಿಗಳ ಮೇಲೆ ಗಾಳಿ ಬೀಸಿದ ಹಾಗೆ. ಆ ಸದ್ದನ್ನು ನಾನು ಆಮೇಲೂ ಕೇಳಿದ್ದೇನೆ. ಹಗ್ಗದಿಂದ ಒಣಗಿದ ಬಟ್ಟೆ ಎಳೆಯುವಾಗ, ಚರ್ಚಿನಲ್ಲಿ ಎಲ್ಲರೂ ಏಳುವಾಗ.

ಗಾಡಿಗಳು ಗಣಿಯ ದಾರಿ ಹಿಡಿದವು. ಡೇನಾನ ಗಾಡಿಯಲ್ಲಿ ನಾನೂ ಇದ್ದೆ. ಇಳಿಜಾರಿನಲ್ಲಿ ತಿರುಗಿದಾಗ ನೀನು ಬೆಲ್ಟ್ರಾಮಿಯ ಮನೆಯ ಮೆಟ್ಟಿಲ ಮೇಲೆ ನಿಂತಿರುವುದು ಕಂಡಿತು. ಪಕ್ಕದಲ್ಲಿ ಡಾಕ್ಟರ್ ಫಿಸ್ಕ್ ಬಾಯಲ್ಲಿ ಮೊಳೆ ಕಚ್ಚಿಕೊಂಡು ಬಾಗಿಲಿಗೆ ಕೆಂಪು ರಟ್ಟು ಹೊಡೆಯುತ್ತಿದ್ದರು. ಊರಿನ ಆರೋಗ್ಯಾಧಿಕಾರಿ ಅವರೇ ತಾನೇ. ಕಿಟಕಿಯ ಹಿಂದೆ ಎರ್ಸಿಲಿಯಾ ಮಗುವನ್ನು ಕಂಬಳಿಯಲ್ಲಿ ಸುತ್ತಿ ನಿಂತಿದ್ದಳು. ಹುಡುಗಿಯ ಒಂದು ಕಾಲು ಕಂಬಳಿಯಿಂದ ಜಾರಿ, ಯಾರದೋ ಕಾಲಿನ ಹಾಗೆ ತೂಗುತ್ತಿತ್ತು.

"ಓದ್ರಪ್ಪಾ, ಓದೋಕೆ ಬರುತ್ತಲ್ಲ" ಎಂದರು ಡಾಕ್ಟರು. ಈ ಮನೆಯಲ್ಲಿ ಅಂಟುರೋಗವಿದೆ, ಯಾರೂ ಒಳಗೆ ಹೋಗಕೂಡದು, ಒಳಗಿರುವ ಯಾರೂ ಹೊರಗೆ ಬರಕೂಡದು ಎಂದು ಬರೆದಿತ್ತು.

"ಅದು ಅವರನ್ನ ಕೂಡಿಹಾಕೋ ಕಾನೂನು" ಎಂದ ಹಾಲಿಸ್.

"ಅವರು ಹೊರಗೆ ಬರಬಾರದು ಅಂದ್ಮೇಲೆ ನೀನು ಎಳೀಬಾರದು ಅಂತಾನೂ ಆಯ್ತು. ಎರಡೂ ಒಂದೇ ಸಾಲಲ್ಲಿದೆ" ಎಂದೆ ನೀನು. "ಎಳೀಲೇಬೇಕು ಅಂದ್ರೆ ಮೊದಲು ನನ್ನನ್ನ ಎಳೆದುಹಾಕು. ಆಮೇಲೆ ಕೋರ್ಟಿನಲ್ಲಿ ಎಲ್ಲರೂ ಒಟ್ಟಿಗೆ ಕೈ ಎತ್ತಿ."

ಯಾರೂ ಗಾಡಿಯಿಂದ ಇಳಿಯಲಿಲ್ಲ. ಕುದುರೆಗಳನ್ನು ತಿರುಗಿಸುವಾಗ ಡೇನಾ, "ನಿನ್ನಣ್ಣನಿಗೆ ಮಕ್ಕಳಿಲ್ಲ. ಅವನಿಗೇನು ಗೊತ್ತು" ಎಂದ. ನಾನು ನಿನ್ನ ಪರ ಒಂದು ಮಾತೂ ಆಡಲಿಲ್ಲ. ನನಗೂ ಹಾಗೇ ಅನಿಸಿತ್ತು.

ಎರಡು ವಾರ ಕಳೆದಿರಬೇಕು. ಒಂದು ಭಾನುವಾರ ಮೆರಿಲ್‌ಗೆ ಜ್ವರ ಬಂತು. ಸೋಮವಾರ ಕತ್ತು ಬಗ್ಗಿಸಲಾಗಲಿಲ್ಲ. ಮಂಗಳವಾರ ಬೆಳಿಗ್ಗೆ ನಾನು ಹಾಲಿನ ಲೋಟ ಹಿಡಿದು ಹೋದಾಗ ಅವನು ಹೊದಿಕೆಯನ್ನು ಎತ್ತಿ ಒಳಗೆ ನೋಡುತ್ತಿದ್ದ. ಅಳುತ್ತಿರಲಿಲ್ಲ. ಆಶ್ಚರ್ಯದಿಂದ ಕೇಳಿದ, "ಅಮ್ಮಾ, ನನ್ನ ಕಾಲು ಎಲ್ಲಿಗೆ ಹೋದ್ವು?"

ನಾನು ಕಾಲನ್ನು ಹಿಡಿದು ಅಲ್ಲಾಡಿಸಿ ತೋರಿಸಿದೆ. "ಇಲ್ಲೇ ಇವೆಯಲ್ಲೋ ಕಂದಾ." ಅವನು ತಲೆಯಾಡಿಸಿದ. "ಅವು ನನ್ನವಲ್ಲ" ಎಂದ. ಗುರುವಾರ ಅವನ ಉಸಿರು ಅದೇ ದಾರಿ ಹಿಡಿದು ಹೋಯಿತು.

ನಮ್ಮ ಬಾಗಿಲಿಗೂ ಕೆಂಪು ರಟ್ಟು ಬಂತು. ನೆರೆಯವರು ಬರುವ ಹಾಗಿಲ್ಲ, ಚರ್ಚಿನಲ್ಲಿ ಪ್ರಾರ್ಥನೆ ಇಲ್ಲ, ಹಾಡು ಇಲ್ಲ. ಮೆರಿಲ್‌ನ ಶವಪೆಟ್ಟಿಗೆಯನ್ನು ಯಾರೋ ಗೇಟಿನ ಹತ್ತಿರ ಇಟ್ಟು ಹೋಗಿದ್ದರು. ಯಾರೋ ಅಂತ ಡೇನಾ ಹೇಳಿದ. ಅದರ ಮೂಲೆಗಳು ಮೊಳೆಯಿಲ್ಲದೆ ಒಂದಕ್ಕೊಂದು ಕೂಡಿದ್ದ ರೀತಿ ನೋಡಿದರೆ ನಿನ್ನ ಕೈ ನನಗೆ ಗೊತ್ತಾಗದೇ? ಒಳಗೆ ಉಣ್ಣೆ ಹಾಸಿದ್ದೆ. ಉದ್ದಕ್ಕೂ ಸರಿಯಾಗಿತ್ತು. ಅವನ ಅಳತೆ ನಿನಗೆ ಅಷ್ಟು ನೆನಪಿದ್ದುದೇ ನನಗೆ ಸಹಿಸಲಾಗದ ಸಂಕಟವಾಯಿತು.

ನೆಲ್ದಾಳಿಂದಲೇ ಬಂತೇ? ಡಾಕ್ಟರ್ ಫಿಸ್ಕ್ ಹೇಳಿದ್ದು, ಯಾರಿಗೂ ಗೊತ್ತಿಲ್ಲ, ಮುಂದೆಯೂ ಗೊತ್ತಾಗುವುದಿಲ್ಲ ಅಂತ. ಮೆರಿಲ್ ಆ ತಿಂಗಳು ರೈಲು ನಿಲ್ದಾಣಕ್ಕೆ ಹೋಗಿದ್ದ. ಗಣಿಯ ಹೊಂಡದಲ್ಲಿ ಈಜಿದ್ದ. ಮಾರುತ್ತಾ ಬಂದವನ ಹತ್ತಿರ ಪೀಚ್ ಹಣ್ಣು ತಿಂದಿದ್ದ. ಆದರೆ ನನಗೆ ರೈಲಿನ ಮೇಲೆ, ನೀರಿನ ಮೇಲೆ, ಹಣ್ಣಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅವಕ್ಕೆ ಮುಖವಿರಲಿಲ್ಲ. ನಿನಗಿತ್ತು.

ಮೆರಿಲ್‌ನನ್ನು ಮಣ್ಣು ಮಾಡಿದ ಮೂರನೇ ದಿನ ಐವಾಗೆ ಮೈ ಕಾವೇರಿತು. ಊರು ಮತ್ತೆ ಸೇರಿತು. ಈ ಸಲ ಅಧ್ಯಕ್ಷ ಹಾಲಿಸ್. ಕಾಯಿಲೆ ಬಿದ್ದ ಮಕ್ಕಳನ್ನೆಲ್ಲ ನದಿಯಾಚೆಯ ಪಾಳುಬಿದ್ದ ಅನಾಥರ ಮನೆಗೆ ಸಾಗಿಸಬೇಕೆಂದು ನಿರ್ಧಾರವಾಯಿತು. ಅಲ್ಲಿ ಕಿಟಕಿಗೆ ಗಾಜಿರಲಿಲ್ಲ. ನೋಡಿಕೊಳ್ಳುವವರಿರಲಿಲ್ಲ. ಮೊದಲ ಸಲ ಅನುಮೋದಿಸಿದ್ದ ಡೇನಾ ಈಗ ಕೆಂಪು ರಟ್ಟಿನ ಒಳಗಿದ್ದ. ಸಭೆಗೆ ಹೋಗಿ ಬೇಡ ಎಂದು ಕೈ ಎತ್ತಲೂ ಅವನಿಗಾಗಲಿಲ್ಲ. ಅಡುಗೆಮನೆಯಲ್ಲಿ ಕೋವಿ ಮೊಣಕಾಲ ಮೇಲಿಟ್ಟುಕೊಂಡು ಕೂತುಬಿಟ್ಟ. ಕುದುರೆಗಳ ಸದ್ದು ಕೇಳಿ ನಾನು ಪರದೆ ಸರಿಸಿದೆ. ಗಾಡಿಯ ಹಿಂಬದಿಯಲ್ಲಿ ಹುಲ್ಲು ಹಾಸಿದ್ದರು, ಐವಾಗೆಂದು.

ನಮ್ಮ ಮೆಟ್ಟಿಲ ಮೇಲೆ ನೀನು ಕೂತಿದ್ದೆ. ಯಾವಾಗ ಬಂದು ಕೂತಿದ್ದೆಯೋ ನಮಗೆ ಗೊತ್ತೇ ಇರಲಿಲ್ಲ. ನಾನು ಕಿಟಕಿ ಎತ್ತಿ, "ಹೋಗು ಇಲ್ಲಿಂದ! ಒಬ್ಬನನ್ನ ತಿಂದಿದ್ದು ಸಾಲದಾ?" ಎಂದು ಕಿರುಚಿದೆ. ನೀನು ತಿರುಗಲಿಲ್ಲ. ನಿನ್ನ ಬೆನ್ನು ಮಾತ್ರ ಒಂದು ಸಲ ಅಲುಗಿತು.

"ತಂಗಿ ಮನೆ ಅಂತ ಅಡ್ಡ ಕೂತಿದ್ದೀಯಾ ಆರಿನ್?" ಎಂದ ಹಾಲಿಸ್. "ಈಗ ನಿನ್ನ ಕಾನೂನು ಬಂಧು ಬಳಗಕ್ಕೆ ಮಾತ್ರಾನಾ?"

"ಬೆಲ್ಟ್ರಾಮಿ ನನಗೆ ಏನಾಗಬೇಕು?" ಎಂದೆ ನೀನು. "ಅವನ ಮೆಟ್ಟಿಲ ಮೇಲೂ ನಿಂತಿದ್ದೆ. ನೀನೇ ನೋಡಿದೀಯ."

ಗಾಡಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನನ್ನು ಸ್ವಾರ್ಥಿ ಎನ್ನಲು ಅವರಿಗೆ ದಾರಿಯಿರಲಿಲ್ಲ. ಹಾಲಿಸ್ ಖಾಲಿ ಗಾಡಿಯನ್ನೇ ತಿರುಗಿಸಿದ. ಪರದೆಯ ಹಿಂದೆ ನಿಂತು, ಐವಾಳ ಬಿಸಿ ತಲೆಯನ್ನು ಹೆಗಲಿಗೆ ಒತ್ತಿಕೊಂಡು, ನನಗೆ ಒಂದು ವಿಷಯ ಹೊಳೆಯಿತು. ಆ ದಿನ ಗಣಿಯ ಮನೆಯ ಮುಂದೆ ನೀನು ಸರಿದುಬಿಟ್ಟಿದ್ದರೆ, ಇವತ್ತು ನಮ್ಮ ಬಾಗಿಲ ಮುಂದೆ ನಿಲ್ಲಲು ನಿನಗೆ ನೆಲವೇ ಇರುತ್ತಿರಲಿಲ್ಲ. ನೆಲ್ದಾಳನ್ನು ಉಳಿಸಿದ್ದು ಯಾವುದೋ ಅದೇ ಐವಾಳನ್ನೂ ಉಳಿಸುತ್ತಿತ್ತು. ಅದೇ ಮೆರಿಲ್‌ನನ್ನು ಕೊಂದಿರಲೂಬಹುದು. ಈ ಮೂರನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ಹೇಗೆ ಹೇಳು? ನನಗಾಗಲಿಲ್ಲ. ಒಂದನ್ನು ಹೊರಗೆ ಹಾಕಲೇಬೇಕಿತ್ತು. ನಿನ್ನನ್ನು ಹಾಕಿದೆ.

ಐವಾ ಬದುಕಿದಳು. ಎಡಗೈ ಮಾತ್ರ ಸೊರಗಿತು. ಬೆಲ್ಟ್ರಾಮಿಯವರು ಮುಂದಿನ ವಸಂತದಲ್ಲಿ ತಾವಾಗಿಯೇ, ತಮಗೆ ಬೇಕಾದ ದಿನ, ಬೇರೆ ಗಣಿಯ ಊರಿಗೆ ಹೊರಟರು. ನೆಲ್ದಾ ನೀನು ಮಾಡಿಕೊಟ್ಟ ಊರುಗೋಲು ಊರಿಕೊಂಡು ರೈಲು ಹತ್ತಿದಳಂತೆ. ಊರು ನಿನ್ನನ್ನು ಮತ್ತೆ ಯಾವತ್ತೂ ಆ ಕುರ್ಚಿಗೆ ಕೂರಿಸಲಿಲ್ಲ. ಗಾಲಿ ಕೆಲಸವನ್ನೂ ನಿನಗೆ ಕೊಡದೆ ಪಕ್ಕದೂರಿಗೆ ಒಯ್ದರು. ಡೇನಾ ಆಮೇಲೆ ಬದುಕಿದ್ದಷ್ಟು ವರ್ಷವೂ ಮಾರ್ಚ್ ಸಭೆಗೆ ಹೋಗುತ್ತಿದ್ದ, ಆದರೆ ಎರಡೂ ಕೈಗಳನ್ನು ಕೋಟಿನ ಜೇಬಿನಿಂದ ತೆಗೆಯುತ್ತಿರಲಿಲ್ಲ. ರಸ್ತೆಗೂ ಇಲ್ಲ, ಶಾಲೆಗೂ ಇಲ್ಲ. ಯಾಕೆಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳದೇ ಬಿಟ್ಟ ಮಾತುಗಳು ಸಾಮಾನುಗಳಷ್ಟೇ ಜಾಗ ಹಿಡಿದಿದ್ದವು.

ಮತ್ತೆ ಮೆರಿಲ್. ಅವನು ಹೋಗಲಿಲ್ಲ ಅಣ್ಣಾ. ಇದನ್ನು ನಾನು ಪಾದ್ರಿಗೂ ಹೇಳಿಲ್ಲ. ಆಗಸ್ಟ್ ಬಂದರೆ, ಸೆಖೆಯ ಮಧ್ಯಾಹ್ನಗಳಲ್ಲಿ, ಮಹಡಿಯ ನೆಲದ ಮೇಲೆ ಏನೋ ಎಳೆದಾಡುವ ಸದ್ದು. ಮಂಚದ ಕೆಳಗೆ, ಬೀರುವಿನ ಹಿಂದೆ, ಹುಡುಕುವ ಸದ್ದು. ಕಾಲು ಹುಡುಕುತ್ತಿದ್ದಾನೆ. ಮೊದಲ ವರ್ಷ ಓಡಿ ಹತ್ತಿ ಹೋದೆ. ಆಮೇಲೆ ಕೆಳಗೇ ನಿಂತು, "ಇಲ್ಲೇ ಇವೆಯಲ್ಲೋ ಕಂದಾ" ಎನ್ನುವುದನ್ನು ಕಲಿತೆ. ಹಾಗೆಂದರೆ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಐವಾ ನಿನ್ನ ಅಂಗಡಿಗೆ ಬರುತ್ತಿದ್ದುದು ನನಗೆ ಗೊತ್ತಿತ್ತು. ಅವಳ ಲಂಗಕ್ಕೆ ಮರದ ಹೊಟ್ಟು ಅಂಟಿರುತ್ತಿತ್ತು. ಕೊಡವಿ ಒಗೆಯಲು ಹಾಕುತ್ತಿದ್ದೆ. ಈ ಫೆಬ್ರವರಿಯಲ್ಲಿ ಅವಳೇ ಬಂದು, "ಮಾವನಿಗೆ ಎದೆ ಕಟ್ಟಿದೆ. ಡಾಕ್ಟರು ಆಸೆ ಬಿಟ್ಟಿದ್ದಾರೆ. ನೀನು ಬರದೇ ಇದ್ರೆ ನಾನು ನಿನ್ನ ಜೊತೆ ಮಾತಾಡಲ್ಲಮ್ಮಾ. ಅದನ್ನ ನಿನ್ನಿಂದಾನೇ ಕಲ್ತಿದ್ದೀನಿ" ಎಂದಳು. ಬಂದೆ.

ನಿನ್ನ ಕೋಣೆ ಇಷ್ಟು ಚಿಕ್ಕದೆಂದು ಮರೆತಿದ್ದೆ. ನೀನು ದಿಂಬಿಗೆ ಒರಗಿದ್ದೆ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ನನ್ನನ್ನು ನೋಡಿ, ನಿನ್ನೆ ತಾನೇ ಬಂದು ಹೋದವಳನ್ನು ಮಾತಾಡಿಸುವ ಹಾಗೆ, "ಬಾ ಲೋವಿ. ಹೊರಗೆ ಜಾರುತ್ತಾ?" ಎಂದೆ. ನಾನು ಹಾಸಿಗೆಯ ಪಕ್ಕ ಕುಳಿತೆ. ಕೊನೆಗೆ ನೀನೇ, "ಕೇಳೇಬಿಡು. ಅದನ್ನ ಹೊತ್ಕೊಂಡು ವಾಪಸ್ ಹೋಗ್ಬೇಡ" ಎಂದೆ.

ಕೇಳಿದೆ. "ಆಮೇಲೆ ಸಾಯೋದು ಮೆರಿಲ್‌ನೇ ಅಂತ ಅವತ್ತೇ ಗೊತ್ತಿದ್ದಿದ್ರೆ, ಮತಕ್ಕೆ ಹಾಕ್ತಿದ್ಯಾ?"

ನೀನು ತಡವೇ ಮಾಡಲಿಲ್ಲ. "ಹಾಕ್ತಿದ್ದೆ. ಮತ ಯಾಕೆ, ಯಾರನ್ನೂ ಕೇಳದೇ ನಾನೇ ಗಾಡಿ ಕಟ್ತಿದ್ದೆ. ಆ ಹೆಂಗಸಿನ ಕೈಯಿಂದ ಮಗೂನ ಕಿತ್ಕೊಂಡು ಮಳೇಲಿ ಬಿಟ್ಟು ಬರ್ತಿದ್ದೆ." ಉಸಿರಿಗಾಗಿ ನಿಂತು, ಮತ್ತೆ ಹೇಳಿದೆ. "ಅದಕ್ಕೇ ಲೋವಿ, ಅದು ನನ್ನ ಕೈಗೂ ಎಟುಕಬಾರದಿತ್ತು."

ನಾನು ಎದ್ದೆ. ಶಾಲು ಹೊದ್ದುಕೊಂಡೆ. ಒಂದು ಮಾತೂ ಆಡದೆ ಬಂದುಬಿಟ್ಟೆ. ಮಾರನೆಯ ಮಧ್ಯಾಹ್ನ ಐವಾ ಅಳುತ್ತಾ ಬಂದಳು.

ನನ್ನ ಉತ್ತರ ಇದು, ಅಣ್ಣಾ. ಇಷ್ಟು ವರ್ಷ ನಾನು ನಂಬಿದ್ದು, ನೀನು ನನ್ನ ಮಗನಿಗಿಂತ ಒಂದು ನಿಯಮವನ್ನು ಹೆಚ್ಚು ಪ್ರೀತಿಸಿದೆ ಅಂತ. ನಿನಗೆ ಎದೆಯ ಜಾಗದಲ್ಲಿ ಒಂದು ಪುಸ್ತಕ ಇದೆ ಅಂತ. ನಿನ್ನ ಬಾಯಿಂದ "ಹಾಕ್ತಿದ್ದೆ" ಎಂಬ ಮಾತು ಬಂದಾಗ, ನನಗೆ ಬೇಕಾಗಿದ್ದುದು ಸಿಕ್ಕಿತು. ಸಿಕ್ಕಿದ ಗಳಿಗೆಯಲ್ಲೇ ಅದರ ಭಯ ಹಿಡಿಯಿತು. ಅದಕ್ಕೇ ಓಡಿಬಂದೆ. ಆ ದಿನದಿಂದ ನನಗೆ ಒಂದು ಕನಸು ಬೀಳುತ್ತಿದೆ. ಮಳೆ. ಗಾಡಿಯ ಹುಲ್ಲಿನ ಮೇಲೆ ನೆಲ್ದಾ. ಲಗಾಮು ಹಿಡಿದವನು ನೀನು. ನಮ್ಮ ಗೇಟಿನ ಹತ್ತಿರ ಮೆರಿಲ್ ಎರಡೂ ಕಾಲಿನ ಮೇಲೆ ನಿಂತು ನಿನಗೆ ಕೈ ಬೀಸುತ್ತಿದ್ದಾನೆ. ಗಾಡಿ ನಿಲ್ಲದಿರಲಿ, ಬೇಗ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತೇನೆ. ನೆಲ್ದಾಳ ಮುಖ ನೋಡುತ್ತಲೇ ಬೇಡಿಕೊಳ್ಳುತ್ತೇನೆ. ಎಚ್ಚರವಾದ ಮೇಲೆ ನನ್ನ ಪಕ್ಕದ ಕೋಣೆಯಲ್ಲಿ ಐವಾ ಉಸಿರಾಡುವುದು ಕೇಳಿಸುತ್ತದೆ. ಆಗ ನನಗೆ ಗೊತ್ತಾಗುತ್ತದೆ, ನನ್ನಂಥ ತಾಯಂದಿರ ಕೈಗೆ ಸಿಗಬಾರದ್ದು ಒಂದು ಇರಲೇಬೇಕು ಅಂತ. ಗೊತ್ತಾದರೂ, ಮಾರನೆಯ ರಾತ್ರಿ ಮತ್ತೆ ಅದೇ ಕನಸಿಗಾಗಿ ಕಾಯುತ್ತೇನೆ. ಅಲ್ಲಿ ಅವನಿಗೆ ಕಾಲುಗಳಿವೆ.

ಮಾರ್ಚ್ ಸಭೆಯಲ್ಲಿ ಏನಾಯಿತೆಂದು ಕೇಳಿದರೆ ನೀನು ನಗುತ್ತೀಯ. ನಮಗೀಗ ಮತವಿದೆ, ನಾನೂ ಕೆಳಗೇ ಕೂರುತ್ತೇನೆ. ಹಾಲಿಸ್‌ನ ಮಗ ಎದ್ದು, ಊರಿನ ಖರ್ಚಿನಲ್ಲಿ ನಿನಗೆ ದೊಡ್ಡ ಕಲ್ಲು ನಿಲ್ಲಿಸಬೇಕು, ಸ್ಮಶಾನದ ಮುಂದುಗಡೆ, ದಾರಿಗೆ ಕಾಣುವ ಹಾಗೆ ನಿನ್ನನ್ನು ಹೂಳಬೇಕು ಎಂದ. ಮುದುಕ ಹಾಲಿಸ್ ಪಕ್ಕದಲ್ಲೇ ನೆಲ ನೋಡುತ್ತಾ ಕೂತಿದ್ದ. ತೋಳುಗಳು ಮೇಲೇಳತೊಡಗಿದವು. ನಾನು ಎದ್ದು ನಿಂತೆ.

"ಇಳಿಸ್ರಪ್ಪಾ ಕೈ. ಅವನನ್ನ ಎಲ್ಲಿ ಮಲಗಿಸಬೇಕು ಅನ್ನೋದು ನೀವು ಎಣಿಸೋ ವಿಷಯ ಅಲ್ಲ."

ಅಷ್ಟೇ ಹೇಳಿದ್ದು. ಕೈಗಳು ಒಂದೊಂದಾಗಿ ಇಳಿದವು. ಸಭೆ ಮುಗಿದ ಮೇಲೆ ಹಾಲಿಸ್ ಕೋಲೂರಿಕೊಂಡು ಬಂದು, "ಹಾಗಾದ್ರೆ ಎಲ್ಲಿ ಅಗೆಯೋಕೆ ಹೇಳ್ಲಿ ಲೊವೀಸಾ?" ಎಂದು ಕೇಳಿದ.

ಮೆರಿಲ್‌ನ ಎಡಕ್ಕೆ ಡೇನಾ ಇದ್ದಾನೆ. ಬಲಕ್ಕೆ ಒಂದೇ ಜಾಗ ಉಳಿದಿತ್ತು. ಮಗ ಹೋದ ವರ್ಷದಿಂದ ಅದನ್ನು ನನಗೆಂದು ಇಟ್ಟುಕೊಂಡಿದ್ದೆ. ಹುಲ್ಲು ನಾನೇ ಕೀಳುತ್ತಿದ್ದೆ. ಎಷ್ಟೋ ಸಲ ಯಾರೂ ಇಲ್ಲದಾಗ ಅಲ್ಲಿ ಮಲಗಿ ಅಳತೆಯನ್ನೂ ನೋಡಿದ್ದೆ. ಅದನ್ನು ತೋರಿಸಿದೆ. ನಾನು ಬೇಲಿಯಾಚೆ ಎಲ್ಲಾದರೂ ಮಲಗುತ್ತೇನೆ, ಅದು ಆಮೇಲಿನ ಮಾತು.

ನಾಳೆ ನಿನ್ನನ್ನು ಅವನ ಪಕ್ಕ ಇಳಿಸುತ್ತಾರೆ. ಹುಡುಗ ಕತ್ತಲಲ್ಲಿ ಹೆದರುತ್ತಾನೆ. ಕಾಲು ಕೇಳಿದರೆ ಏನು ಹೇಳಬೇಕೆಂದು ನಿನಗೀಗ ಗೊತ್ತಿದೆ. ಅವನ ಕೈ ಹಿಡಿದುಕೋ ಅಣ್ಣಾ. ನಾನು ಬರುವ ತನಕ ಬಿಡಬೇಡ. ನಿನಗೆ ಬೆಚ್ಚನೆಯ ಮಣ್ಣು ಸಿಗಲಿ.

ನಿನ್ನ ಮೇಲಿನ ಸಿಟ್ಟಿನಲ್ಲೇ ಬದುಕಿದ, ಈಗ ಅದಿಲ್ಲದೆ ಬದುಕಬೇಕಾದ

ನಿನ್ನ ತಂಗಿ,
ಲೋವಿ